ಕೂಳೆ ಕಬ್ಬನ್ನ ಇನ್ನೂ ಎಷ್ಟು ಸಲ ಕಡೀತೀರಿ?



ಈ ಸಲ ಬೆಳೆ ವಿಚಾರ ಕಡಿಮೆ, ವೋಟಿನ ವಿಚಾರ ಜಾಸ್ತಿ. ರಾಜಕೀಯ ಬೇಡ ಅನ್ನೋರು ಇಲ್ಲೇ ನಿಲ್ಲಿಸಬಹುದು, ರಾಗಿ ಪೈರು ನಾಟಿ ಬಗ್ಗೆ ಮುಂದಿನ ವಾರ ಬರೀತೀನಿ. ನಮ್ಮ ಜೆಡಿಎಸ್ ಗೆಳೆಯರು ಮಾತ್ರ ದಯವಿಟ್ಟು ಪೂರ್ತಿ ಓದಿ. ಓದಿ ಆದ್ಮೇಲೆ ಬೈಯಿರಿ.

ಮೊದಲು ನಾನು ಯಾರು ಅಂತ ಹೇಳಿಬಿಡ್ತೀನಿ, ಯಾಕಂದ್ರೆ ಹಿಂಗೆ ಬರೆದರೆ "ಇವನು ಕಾಂಗ್ರೆಸ್ ಏಜೆಂಟು" ಅಂತ ಹತ್ತು ನಿಮಿಷಕ್ಕೆ ಶುರುವಾಗುತ್ತೆ. ಪಾಂಡವಪುರ ತಾಲ್ಲೂಕು, ವಿ.ಸಿ. ನಾಲೆ ಅಚ್ಚುಕಟ್ಟು, 2 ಎಕರೆ 10 ಗುಂಟೆ ಜಮೀನು. ಮೊದಲ ವೋಟು ಹಾಕಿದ್ದು 1989ರಲ್ಲಿ. ಅದೇ ವರ್ಷ ವೋಟಿನ ವಯಸ್ಸು 21ರಿಂದ 18ಕ್ಕೆ ಇಳಿದಿತ್ತು. ನಾನು ಚಕ್ರದ ಗುರುತಿಗೆ ಒತ್ತಿದೆ. ಆ ಸಲ ಜನತಾದಳ ಬರೀ 24 ಸೀಟಿಗೆ ಬಂದು ನಿಂತಿತ್ತು, ಕಾಂಗ್ರೆಸ್ಸಿಗೆ 178. 1994ರಲ್ಲಿ 115 ಸೀಟು ಬಂದು ದೇವೇಗೌಡರು ಮುಖ್ಯಮಂತ್ರಿ ಆದಾಗ ಊರಲ್ಲಿ ಪಟಾಕಿ ಹೊಡೆದ್ವಿ. 1996ರಲ್ಲಿ ಅವರು ಪ್ರಧಾನಿ ಆದಾಗ ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದ್ರು. ಆಮೇಲೆ ದಳ ಒಡೀತು, ಚಕ್ರ ಹೋಯ್ತು, ತೆನೆ ಹೊತ್ತ ಮಹಿಳೆ ಬಂದಳು. ನಮ್ಮ ವೋಟು ಆಕೆ ಹಿಂದೆ ಹೋಯ್ತು. ಗೆದ್ದ ವರ್ಷಾನೂ ಹಾಕಿದ್ವಿ, ಸೋತ ವರ್ಷಾನೂ ಹಾಕಿದ್ವಿ. ಅದಕ್ಕೆ ನಂಗೆ ನಾಚಿಕೆ ಏನೂ ಇಲ್ಲ. ಅವತ್ತಿನ ಲೆಕ್ಕಕ್ಕೆ ಅದು ಸರಿಯಾದ ವೋಟೇ.

ಈಗ ಕೂಳೆ ವಿಚಾರಕ್ಕೆ ಬರ್ತೀನಿ.

ಕಬ್ಬು ಬೆಳೆಯೋರಿಗೆ ಇದನ್ನ ಹೇಳಿಕೊಡಬೇಕಿಲ್ಲ, ಪಟ್ಟಣದವರಿಗಾಗಿ ಹೇಳ್ತೀನಿ. ಒಂದು ಸಲ ಬಿತ್ತನೆ ಕಬ್ಬು ಹಾಕಿ ಕಡಿದರೆ ಅದೇ ಬುಡದಿಂದ ಮತ್ತೆ ಚಿಗುರು ಬರುತ್ತೆ. ಅದು ಕೂಳೆ. ಬೀಜದ ಖರ್ಚಿಲ್ಲ, ಉಳುಮೆ ಖರ್ಚಿಲ್ಲ. ಆದ್ರೆ ಕೂಳೆ ಸುಮ್ಮನೆ ಬರಲ್ಲ. ಬುಡ ಸವರಬೇಕು, ಸತ್ತ ಜಾಗಕ್ಕೆ ಹೊಸ ಪೈರು ತುಂಬಬೇಕು, ಬಿತ್ತನೆ ಕಬ್ಬಿಗಿಂತ ಜಾಸ್ತಿ ಯೂರಿಯಾ ಕೊಡಬೇಕು, ನೀರು ತಪ್ಪಿಸಬಾರದು. ಅದೇನೂ ಮಾಡದೆ "ತಾನಾಗೇ ಬರುತ್ತೆ ಬಿಡು" ಅಂತ ವರ್ಷ ವರ್ಷ ಕಡೀತಾ ಹೋದ್ರೆ ಮೂರನೇ ಕೂಳೆಗೆ ಕಬ್ಬು ಬೆರಳು ಗಾತ್ರ ಆಗುತ್ತೆ, ಐದನೇದಕ್ಕೆ ಗದ್ದೆ ತುಂಬಾ ಹುಲ್ಲು.

ನಮ್ಮ ಪಕ್ಷ ನಮ್ಮನ್ನ ಕೂಳೆ ಕಬ್ಬು ಮಾಡ್ಕೊಂಡಿದೆ. ನೆಟ್ಟೋರು 1983ರ ಕಾಲದೋರು. ಅವತ್ತಿಂದ ಕಡೀತಾನೇ ಇದ್ದಾರೆ. ಗೊಬ್ಬರ ಇಲ್ಲ, ಹೊಸ ಪೈರಿಲ್ಲ. ಇಳುವರಿ ನೋಡಿ: 2004ರಲ್ಲಿ 58 ಸೀಟು, 2008ರಲ್ಲಿ 28, 2013ರಲ್ಲಿ 40, 2018ರಲ್ಲಿ 37, 2023ರಲ್ಲಿ 19. ನಮ್ಮ ಮಂಡ್ಯ ಜಿಲ್ಲೆ 2018ರಲ್ಲಿ ಏಳಕ್ಕೆ ಏಳೂ ಕೊಟ್ಟಿತ್ತು. 2023ರಲ್ಲಿ ಕೊಟ್ಟಿದ್ದು ಒಂದು. ಹಿಂಗೆ ಇಳುವರಿ ಬಿದ್ದರೆ ಯಾವ ರೈತನಾದ್ರೂ ಮಣ್ಣು ಪರೀಕ್ಷೆ ಮಾಡಿಸ್ತಾನೆ. ನಮ್ಮ ಮುಖಂಡರು ಮಾಡಿದ್ದು ಏನಪ್ಪಾ ಅಂದ್ರೆ, ಪಕ್ಕದ ಗದ್ದೆಯವರ ಜೊತೆ ಪಾಲುದಾರಿಕೆ ಮಾಡ್ಕೊಂಡ್ರು.

ಬೇಜಾರು ಎಲ್ಲಿಂದ ಶುರು ಅಂತ ಕೇಳ್ತೀರಾ? ಒಂದೇ ದಿನದ್ದಲ್ಲ.

2006ರಲ್ಲಿ ಬಿಜೆಪಿ ಜೊತೆ ಸರ್ಕಾರ ಮಾಡಿದ್ರು, 20 ತಿಂಗಳು ನಮಗೆ, 20 ತಿಂಗಳು ಅವರಿಗೆ ಅಂತ. ತಮ್ಮ 20 ತಿಂಗಳು ಮುಗಿದ್ಮೇಲೆ ಕೊಡಲಿಲ್ಲ. ಬಿಜೆಪಿ ಜೊತೆ ಹೋಗಿದ್ದು ಸರಿಯೋ ತಪ್ಪೋ ಅದು ಬೇರೆ ಮಾತು. ಆದ್ರೆ ಮಾತು ಕೊಟ್ಟು ಉಳಿಸ್ಕೊಳ್ಳದೇ ಇದ್ದಿದ್ದು ಬೀದಿಯಲ್ಲಿ ತಲೆ ತಗ್ಗಿಸಿದ್ದು ಯಾರು? ಅರಳಿಕಟ್ಟೆ ಮೇಲೆ ಕೂತು ವಾದ ಮಾಡ್ತಿದ್ದ ನಾವು.

2019ರ ಲೋಕಸಭೆಗೆ ಹಾಸನಕ್ಕೆ ಒಬ್ಬ ಮೊಮ್ಮಗ, ಮಂಡ್ಯಕ್ಕೆ ಇನ್ನೊಬ್ಬ ಮೊಮ್ಮಗ, ತುಮಕೂರಿಗೆ ತಾತ. ಮೂವತ್ತು ವರ್ಷ ಬಾವುಟ ಕಟ್ಟಿದ ಕಾರ್ಯಕರ್ತನಿಗೆ ಇದರ ಅರ್ಥ ಬಿಡಿಸಿ ಹೇಳೋದು ಬೇಕಿಲ್ಲ. ಮಂಡ್ಯದಲ್ಲಿ ವರ್ಷದ ಹಿಂದೆ ಏಳೂ ಶಾಸಕರನ್ನ ಕೊಟ್ಟಿದ್ದ ಅದೇ ಜನ ಪಕ್ಷೇತರವಾಗಿ ನಿಂತ ಹೆಣ್ಣುಮಗಳನ್ನ ಲಕ್ಷಕ್ಕೂ ಮೀರಿದ ಅಂತರದಲ್ಲಿ ಗೆಲ್ಲಿಸಿದ್ರು. ಬೇರೆ ಪಕ್ಷ ಆಗಿದ್ರೆ ಅದನ್ನ ಪತ್ರ ಅಂತ ಓದ್ತಿತ್ತು. ನಮ್ಮೋರು ಅದನ್ನ ಪಿತೂರಿ ಅಂದ್ರು.

ಅದೇ ವರ್ಷ ಸಮ್ಮಿಶ್ರ ಸರ್ಕಾರ ಬೀಳಿಸೋಕೆ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ರಲ್ಲ, ಅದರಲ್ಲಿ ನಮ್ಮ ಪಕ್ಕದ ಕೆ.ಆರ್. ಪೇಟೆ ಶಾಸಕರೂ ಇದ್ರು. ತೆನೆ ಗುರುತಲ್ಲಿ ಗೆದ್ದೋರು ಡಿಸೆಂಬರ್ ಉಪಚುನಾವಣೆಯಲ್ಲಿ ಕಮಲದ ಗುರುತಲ್ಲಿ ಗೆದ್ದರು. ಪಕ್ಷಾಂತರ ತಡೆ ಕಾನೂನು 1985ರಿಂದ ಇದೆ. ಸುಪ್ರೀಂ ಕೋರ್ಟು ಅನರ್ಹತೆ ಎತ್ತಿಹಿಡಿಯಿತು, ಆದ್ರೆ ಮತ್ತೆ ಚುನಾವಣೆಗೆ ನಿಲ್ಲಬಹುದು ಅಂತಾನೂ ಹೇಳ್ತು. ಇದರಲ್ಲಿ ನಂಗೆ ಹೊಟ್ಟೆ ಉರಿಸೋದು ಒಂದೇ ವಿಚಾರ. ಶಾಸಕ ಪಕ್ಷ ಬಿಟ್ಟರೆ ಅದಕ್ಕೆ "ಕ್ಷೇತ್ರದ ಅಭಿವೃದ್ಧಿ" ಅಂತ ಹೆಸರು. ಮತದಾರ ಪಕ್ಷ ಬಿಟ್ಟರೆ ಅದಕ್ಕೆ "ದ್ರೋಹ" ಅಂತ ಹೆಸರು.

ಆಮೇಲೆ 2023ರ ಸೆಪ್ಟೆಂಬರಲ್ಲಿ ಮತ್ತೆ ಬಿಜೆಪಿ ಜೊತೆ ಮೈತ್ರಿ. ನಮ್ಮ ಹೋಬಳಿಯಲ್ಲಿ ಮೋಟಾರ್ ವೈಂಡಿಂಗ್ ಮಾಡೋ ಒಬ್ಬ ಮುಸ್ಲಿಂ ಗೆಳೆಯ ಇದ್ದಾನೆ. ಅವನ ಅಂಗಡಿಯಲ್ಲಿ ದೇವೇಗೌಡರ ಫೋಟೋ ಇತ್ತು. ನಾಲ್ಕು ಚುನಾವಣೆ ನಾವಿಬ್ರೂ ಒಂದೇ ಬೈಕಲ್ಲಿ ಬೂತಿಗೆ ಹೋಗಿದ್ವಿ. ಅವನು ಕೇಳಿದ, "ಅಣ್ಣಾ, ಪಕ್ಷದ ಹೆಸರಲ್ಲಿ ಜಾತ್ಯತೀತ ಅಂತ ಇನ್ನೂ ಐತಲ್ಲ, ತಗಿಯೋದು ಮರೆತವ್ರಾ, ಇಲ್ಲಾ ನಮ್ಮಂತೋರಿಗೋಸ್ಕರ ಹಂಗೇ ಬುಟ್ಟವ್ರಾ?" ನಗ್ತಾನೇ ಕೇಳಿದ. ನಾನು ನಗಲಿಲ್ಲ. ಮೈತ್ರಿ ಮಾಡೋಕೆ ಮುಂಚೆ ಇವನ ಅಂಗಡಿಗೆ ಬಂದು ಕೇಳಿದೋರು ಯಾರೂ ಇಲ್ಲ. ನನ್ನನ್ನೂ ಕೇಳಲಿಲ್ಲ. "ಕಾರ್ಯಕರ್ತರ ಅಭಿಪ್ರಾಯ ಪಡೆದು" ಅಂತ ಪೇಪರಲ್ಲಿ ಬಂದಾಗಲೇ ನಮಗೆ ನಮ್ಮ ಅಭಿಪ್ರಾಯ ಗೊತ್ತಾಗಿದ್ದು.

ಹಾಸನದ ವಿಚಾರ ಜಾಸ್ತಿ ಬರೆಯಲ್ಲ, ಬರೆಯೋಕೆ ಕೈ ಬರಲ್ಲ. ಹೆಣ್ಣುಮಗಳನ್ನೇ ಗುರುತು ಮಾಡ್ಕೊಂಡ ಪಕ್ಷದಿಂದ ಸಂಸದ ಆಗಿದ್ದೋರಿಗೆ 2025ರ ಆಗಸ್ಟಲ್ಲಿ ಬೆಂಗಳೂರಿನ ನ್ಯಾಯಾಲಯ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಡ್ತು. ನಮ್ಮ ಮನೆ ಹೆಂಗಸರು ಅವತ್ತು ಟಿವಿ ಆಫ್ ಮಾಡಿ ಎದ್ದು ಹೋದ್ರು. ಅಷ್ಟೇ ಹೇಳ್ತೀನಿ.

ಇವೆಲ್ಲಾ ಸೇರಿಸಿದ್ರೂ ನನಗೆ ಎಲ್ಲಕ್ಕಿಂತ ದೊಡ್ಡದು ಬೇರೆ ಒಂದು ದಿನ. 2020ರ ಡಿಸೆಂಬರ್ 8.

ನಮ್ಮ ಜಮೀನಲ್ಲಿ ಒಂದೂವರೆ ಎಕರೆ ನಮ್ಮಪ್ಪ ಗೇಣಿಗೆ ಮಾಡ್ತಿದ್ದದ್ದು. 1974ರಲ್ಲಿ ದೇವರಾಜ ಅರಸು ಕಾಲದಲ್ಲಿ ಭೂ ಸುಧಾರಣೆ ತಿದ್ದುಪಡಿ ಬಂದಾಗ ಡಿಕ್ಲರೇಷನ್ ಹಾಕಿ, ಭೂ ನ್ಯಾಯ ಮಂಡಳಿಗೆ ಅಲೆದು, ಸ್ವಂತಕ್ಕೆ ಆಯ್ತು. ಉಳೋನೇ ಒಡೆಯ ಅನ್ನೋದು ನಮಗೆ ಗೋಡೆ ಬರಹ ಅಲ್ಲ, ಪಹಣಿಯಲ್ಲಿರೋ ಹೆಸರು. ಅದೇ ಕಾಯ್ದೆಯಲ್ಲಿ 79ಎ, 79ಬಿ ಅಂತ ಎರಡು ಬೇಲಿ ಇದ್ವು. ಬೇರೆ ಕಡೆಯಿಂದ ಜಾಸ್ತಿ ಆದಾಯ ಇರೋರು, ವ್ಯವಸಾಯ ಮಾಡದೇ ಇರೋರು, ಕಂಪನಿಗಳು ಕೃಷಿ ಜಮೀನು ತಗೊಳ್ಳೋ ಹಾಗಿರಲಿಲ್ಲ. ಆ ಆದಾಯದ ಮಿತಿಯನ್ನ 2015ರಲ್ಲಿ ಕಾಂಗ್ರೆಸ್ ಸರ್ಕಾರ 2 ಲಕ್ಷದಿಂದ 25 ಲಕ್ಷಕ್ಕೆ ಏರಿಸಿ ಬೇಲಿ ಸಡಿಲ ಮಾಡಿತ್ತು. 2020ರಲ್ಲಿ ಬಿಜೆಪಿ ಸರ್ಕಾರ ಬೇಲೀನೇ ಕಿತ್ತು ಹಾಕ್ತು.

ವಿಧಾನ ಪರಿಷತ್ತಲ್ಲಿ ಆಗ ಬಿಜೆಪಿಗೆ ಸ್ವಂತ ಬಹುಮತ ಇರಲಿಲ್ಲ. ಮೊದಲು ಈ ತಿದ್ದುಪಡೀನ ವಿರೋಧ ಮಾಡಿದ್ದ ನಮ್ಮ ಜೆಡಿಎಸ್ ಅವತ್ತು ಬೆಂಬಲ ಕೊಡ್ತು, ಪಾಸಾಯ್ತು. ಅವತ್ತು ಯಾವ ದಿನ ಗೊತ್ತಾ? ದೆಹಲಿ ಗಡಿಯಲ್ಲಿ ಕೂತಿದ್ದ ರೈತರು ಭಾರತ್ ಬಂದ್ ಕರೆದಿದ್ದ ದಿನ. ರೈತರು ಬೀದಿಯಲ್ಲಿ ಇದ್ದಾಗ, ತಲೆ ಮೇಲೆ ತೆನೆ ಹೊತ್ತ ಪಕ್ಷ ಒಳಗೆ ಕೂತು ಇದನ್ನ ಮಾಡ್ತು.

"ಆ ಸೆಕ್ಷನ್ನುಗಳಿಂದ ರೈತನಿಗೆ ಉಪಯೋಗ ಇರಲಿಲ್ಲ, ತಾಲ್ಲೂಕು ಕಚೇರಿಯೋರಿಗೆ ಲಂಚಕ್ಕೆ ದಾರಿ ಆಗಿತ್ತು" ಅಂತ ಒಂದು ಸಮಜಾಯಿಷಿ ಕೊಟ್ರು. ಲಂಚ ನಡೀತಿತ್ತು, ಸುಳ್ಳಲ್ಲ. ಹೆಗ್ಗಣ ಸೇರಿಕೊಳ್ತು ಅಂತ ಕಣಜಕ್ಕೇ ಬೆಂಕಿ ಇಕ್ಕೋರುಂಟಾ? ಹೆಗ್ಗಣ ಹಿಡೀಬೇಕಿತ್ತು.

ಇದರ ಫಲ ಏನು ಅಂತ ನಾನು ದಿನಾ ನೋಡ್ತಿದ್ದೀನಿ. ನಮ್ಮ ಗದ್ದೆ ಮಗ್ಗುಲಲ್ಲಿ ಮೂರು ಜನ ಅಣ್ಣತಮ್ಮಂದಿರ ಜಮೀನು ಹೊರಗಿನೋರೊಬ್ಬರಿಗೆ ಹೋಯ್ತು. ಮಾರಿದೋರ ಮೇಲೆ ಸಿಟ್ಟಿಲ್ಲ, ಮಗಳ ಮದುವೆ, ಆಸ್ಪತ್ರೆ, ಸಾಲ, ಅವರವರ ಕಷ್ಟ ಅವರಿಗೆ. ತಗೊಂಡೋರು ಒಂದು ದಿನಾನೂ ನೇಗಿಲು ಕಟ್ಟಿಲ್ಲ. ಕಲ್ಲುಕಂಬ ನೆಟ್ಟು ತಂತಿ ಬೇಲಿ ಹಾಕಿ ಗೇಟಿಗೆ ಬೀಗ ಹಾಕಿದ್ರು. ಆ ಬೇಲಿ ಒಳಗೆ ನಮ್ಮ ನಾಲ್ಕು ಮನೆಯವರ ಬಂಡಿ ದಾರಿ ಇತ್ತು. ಈಗ ಕಬ್ಬು ಕಡಿದರೆ ಲಾರಿ ಗದ್ದೆ ಹತ್ರ ಬರಲ್ಲ, ಆಳುಗಳು ತಲೆ ಮೇಲೆ ಹೊತ್ತು ಏರಿ ಮೇಲಕ್ಕೆ ಸಾಗಿಸಬೇಕು. ಕಟಾವು ಕೂಲಿ ಒಂದು, ಸಾಗಿಸೋ ಕೂಲಿ ಇನ್ನೊಂದು. ಗ್ರಾಮ ನಕಾಶೆಯಲ್ಲಿ ದಾರಿ ಇದೆ ಅಂತ ಅರ್ಜಿ ಕೊಟ್ಟಿದ್ದೀವಿ, ಅರ್ಜಿ ಓಡಾಡ್ತಾ ಇದೆ.

ಮೊನ್ನೆ ಒಂದು ಬೀಗರ ಊಟದಲ್ಲಿ ನಮ್ಮ ಪಕ್ಷದ ಮುಖಂಡರೊಬ್ಬರು ಸಿಕ್ಕಿದ್ರು. ದಾರಿ ವಿಚಾರ ಹೇಳಿದೆ.

"ಏನ್ಮಾಡದು ಬುಡಣ್ಣ, ಆ ಕಾಯ್ದೆ ಬಿಜೆಪಿಯೋರು ತಂದಿದ್ದು" ಅಂದ್ರು.

"ಪರಿಷತ್ತಲ್ಲಿ ಪಾಸ್ ಮಾಡಿಸಿದೋರು ಯಾರಣ್ಣ?" ಅಂದೆ.

"ಅದೆಲ್ಲಾ ಮೇಲಿನೋರ ತೀರ್ಮಾನ ಕಣಪ್ಪ. ನೀನು ಮಾತ್ರ ನಮ್ಮೋನು, ಎಲ್ಲೂ ಹೋಗಲ್ಲ ಅಂತ ನಂಗೊತ್ತು" ಅಂತ ಬೆನ್ನು ತಟ್ಟಿ ಕೈ ತೊಳೆಯೋಕೆ ಹೋದ್ರು.

ಆ ಒಂದು ಮಾತಲ್ಲಿ ಎಲ್ಲಾ ಇದೆ ಸ್ನೇಹಿತರೇ. "ಎಲ್ಲೂ ಹೋಗಲ್ಲ ಅಂತ ನಂಗೊತ್ತು." ಎಲ್ಲೂ ಹೋಗದೇ ಇರೋ ವೋಟಿಗೆ ಯಾರೂ ಗೊಬ್ಬರ ಹಾಕಲ್ಲ. ಅನುಮಾನ ಇರೋ ವೋಟಿನ ಮನೆ ಬಾಗಿಲಿಗೆ ರಾತ್ರಿ ಹನ್ನೊಂದಕ್ಕೂ ಬರ್ತಾರೆ. ನಮ್ಮ ಮನೆಗೆ ಬರಲ್ಲ, ಯಾಕೆ ಬರಬೇಕು?

ಕಾರ್ಖಾನೆಗೆ ಕಬ್ಬು ಹಾಕಿದ್ರೆ 14 ದಿನದೊಳಗೆ ದುಡ್ಡು ಕೊಡಬೇಕು, ತಪ್ಪಿದ್ರೆ ನೂರಕ್ಕೆ 15ರಂತೆ ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತೆ. ಕೊಡ್ತಾರೋ ಬಿಡ್ತಾರೋ, ಕೇಳೋಕೆ ಒಂದು ಕಾಗದ ಇದೆ, ತೂಕದ ಚೀಟಿ ಇದೆ. ವೋಟು ಮಾತ್ರ ಐದು ವರ್ಷದ ಕಡ. ಚೀಟಿ ಇಲ್ಲ, ಬಡ್ಡಿ ಇಲ್ಲ, ಕೇಳಿದ್ರೆ ಕೋಪ ಬೇರೆ.

ಒಳ್ಳೇದನ್ನೂ ಹೇಳಬೇಕು, ಇಲ್ಲಾಂದ್ರೆ ನ್ಯಾಯ ಅಲ್ಲ. 2018ರಲ್ಲಿ ಕುಮಾರಸ್ವಾಮಿಯವರು ಸಾಲಮನ್ನಾ ಮಾಡಿದ್ರು, ಸಹಕಾರ ಸಂಘದ್ದು 1 ಲಕ್ಷದವರೆಗೆ, ಬ್ಯಾಂಕಿನದ್ದು 2 ಲಕ್ಷದವರೆಗೆ. ನಮ್ಮೂರಲ್ಲಿ ಅದರಿಂದ ಉಸಿರು ಬಿಟ್ಟ ಮನೆಗಳು ಇವೆ. ಋಣ ಇದೆ. ಆದ್ರೆ ಋಣಕ್ಕೂ ಒಂದು ಲೆಕ್ಕ ಬೇಡವಾ? ಸಾಲ ಮನ್ನಾ ಮಾಡಿದೋರೇ ಎರಡು ವರ್ಷ ಕಳೆದ್ಮೇಲೆ ಜಮೀನಿನ ಬೇಲಿ ಕೀಳೋಕೆ ಕೈ ಜೋಡಿಸಿದ್ರೆ ಸುಮ್ಮನಿರಬೇಕಾ?

ಋಣದ ಮಾತು ಬಂದಾಗ ನಮ್ಮಪ್ಪನ್ನ ನೆನೆಸ್ಕೋತೀನಿ. ಜಮೀನು ಕೊಟ್ಟಿದ್ದು ಕಾಂಗ್ರೆಸ್. ಅಪ್ಪ ಅದಕ್ಕೆ ಕಾಂಗ್ರೆಸ್ಸಿಗೇ ಹಾಕ್ತಿದ್ರು. 1980ರ ಜುಲೈ 21ಕ್ಕೆ ನರಗುಂದ, ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರದ ವಿರುದ್ಧ ಎದ್ದಾಗ ಗುಂಡು ಹಾರಿಸಿದ್ರು. ಅದು ಗುಂಡೂರಾಯರ ಸರ್ಕಾರ. ರೈತ ಸಂಘ ಹುಟ್ಟಿದ್ದೇ ಆ ವರ್ಷ. ಅಪ್ಪ ಕರ ಕಟ್ಟಲ್ಲ ಅಂತ ಹಸಿರು ಟವೆಲ್ ಹಾಕಿದ್ರು, 1983ರಲ್ಲಿ ನೇಗಿಲು ಹೊತ್ತ ರೈತನಿಗೆ ವೋಟು ಹಾಕಿದ್ರು. ರಾಜ್ಯದಲ್ಲಿ ಮೊದಲನೇ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಜಮೀನು ಕೊಟ್ಟ ಪಕ್ಷವನ್ನೇ ಅಪ್ಪ ಬಿಟ್ಟರು, ಯಾಕಂದ್ರೆ ಅದು ಗುಂಡು ಹೊಡೆಸ್ತು. ಅಪ್ಪನ್ನ ಯಾರೂ ದ್ರೋಹಿ ಅನ್ನಲಿಲ್ಲ. ಇವತ್ತು ಜೆಡಿಎಸ್ ಅಂತ ಒಂದು ಪಕ್ಷ ಇದೆ ಅಂದ್ರೆ ಅದು ಅಂಥ ಬೇಜಾರಾದ ಮತದಾರರಿಂದ ಹುಟ್ಟಿದ್ದು. ಬೇಜಾರಾದೋರನ್ನ ದ್ರೋಹಿ ಅನ್ನೋ ಹಕ್ಕು ಆ ಪಕ್ಷಕ್ಕೇ ಇಲ್ಲ.

"ಸರಿ, ಹಂಗಾದ್ರೆ ಎಲ್ಲಿಗೆ ಹೋಗ್ತೀಯ?" ಅಂತ ಕೇಳೋರಿಗೆ ಉತ್ತರ.

ಕಾಂಗ್ರೆಸ್ಸಿಗಾ? ವಿರೋಧ ಪಕ್ಷದಲ್ಲಿ ಇದ್ದಾಗ ಈ ತಿದ್ದುಪಡಿ ಕರಾಳ ಅಂದೋರು ಅವರು. 2023ರ ಮೇ ತಿಂಗಳಲ್ಲಿ 135 ಸೀಟು ತಗೊಂಡು ಬಂದ್ರು. ವರ್ಷಗಳು ಉರುಳಿದ್ವು, 79ಎ, 79ಬಿ ವಾಪಸ್ ಬಂದಿಲ್ಲ. ಅವರ ಪಕ್ಷದ ರೈತ ಕಾರ್ಯಕರ್ತರೂ ನಮ್ಮಂಗೇ ಟೀ ಅಂಗಡಿಯಲ್ಲಿ ತಲೆ ಕೆರ್ಕೊಂಡು ಕೂತವ್ರೆ. ಬಿಜೆಪಿಗಾ? ಬೇಲಿ ಕಿತ್ತೋರೇ ಅವರು. ಅವರ ಹಳೇ ಕಾರ್ಯಕರ್ತರನ್ನ ಕೇಳಿ, ನಿನ್ನೆ ಬಂದ ಶಾಸಕನಿಗೆ ಟಿಕೆಟ್ ಕೊಟ್ಟಾಗ ಅವರ ಹೊಟ್ಟೆ ಹೆಂಗೆ ಉರೀತು ಅಂತ ಹೇಳ್ತಾರೆ. ನೋಟಾಗಾ? 2013ರಿಂದ ಆ ಗುಂಡಿ ಇದೆ. ಅದಕ್ಕೆ ಎಷ್ಟೇ ವೋಟು ಬಿದ್ದರೂ ಉಳಿದೋರಲ್ಲಿ ಜಾಸ್ತಿ ತಗೊಂಡೋನೇ ಗೆದ್ದ ಅಂತ ಲೆಕ್ಕ. ಬರೀ ಗದ್ದೆಗೆ ನೀರು ಹಾಯಿಸಿದಂಗೆ.

"ಎಲ್ಲಾ ಕಳ್ಳರೇ, ದುಡ್ಡು ಕೊಟ್ಟೋರಿಗೆ ಹಾಕು" ಅನ್ನೋರ ಮೇಲೆ ನಂಗೆ ಇನ್ನೂ ಸಿಟ್ಟು. ಆ ಮಾತು ಕೇಳಿ ಖುಷಿ ಪಡೋನು ಕಳ್ಳ ಒಬ್ಬನೇ. ನಮ್ಮ ತಾಲ್ಲೂಕಿನಲ್ಲೇ ಪುಟ್ಟಣ್ಣಯ್ಯನವರಂತೋರು ಹಸಿರು ಟವೆಲ್ ಹಾಕ್ಕೊಂಡು ವಿಧಾನಸಭೆಗೆ ಹೋಗಿ ಮಾತಾಡಿದ್ದನ್ನ ನೋಡಿದೋರು ನಾವು. ಎಲ್ಲಾ ಒಂದೇ ಅನ್ನೋದು ಸೋಮಾರಿ ಮಾತು.

ಇನ್ನೊಂದು ವಿಚಾರ ಯಾರೂ ಮಾತಾಡ್ತಿಲ್ಲ. ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಚುನಾವಣೆ ನಡೆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗೀತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಬಿಜೆಪಿ ಸರ್ಕಾರ ಮುಂದಕ್ಕೆ ಹಾಕ್ತು, ಕಾಂಗ್ರೆಸ್ ಸರ್ಕಾರನೂ ವರ್ಷಗಟ್ಟಲೆ ಮುಂದಕ್ಕೆ ಹಾಕ್ತು. ಗ್ರಾಮ ಪಂಚಾಯ್ತಿಯಲ್ಲಿ ಪಕ್ಷದ ಗುರುತಿಲ್ಲ. ಹಂಗಾಗಿ ಹಳ್ಳಿ ಕಾರ್ಯಕರ್ತ ಪಕ್ಷದ ಗುರುತಲ್ಲಿ ನಿಲ್ಲೋಕೆ ಇದ್ದ ಮೊದಲ ಮೆಟ್ಟಿಲು ತಾಲ್ಲೂಕು ಪಂಚಾಯ್ತಿ, ಎರಡನೇದು ಜಿಲ್ಲಾ ಪಂಚಾಯ್ತಿ. ಎರಡೂ ಮೆಟ್ಟಿಲು ಕಿತ್ತಿಟ್ಟವ್ರೆ. ಮೇಲಿನ ಅಟ್ಟದಲ್ಲಿ ಇರೋರು ಅಟ್ಟದಲ್ಲೇ, ಅವರ ಮಕ್ಕಳು ಅಟ್ಟದಲ್ಲೇ ಹುಟ್ತಾರೆ. ಕೆಳಗಿರೋನು ಬಾವುಟ ಕಟ್ಟೋನು. ಕೂಳೆ ಗದ್ದೆಗೆ ಹೊಸ ಪೈರು ತುಂಬಲ್ಲ ಅಂದ್ನಲ್ಲ, ಇದೇ ಅದು. ಇದಕ್ಕಾಗಿ ನಮ್ಮ ಪಕ್ಷ ಎಷ್ಟು ದಿನ ಧರಣಿ ಕೂತಿದೆ ಲೆಕ್ಕ ಕೊಡಲಿ.

ಧರಣಿ ಅಂದ್ರೆ ಹೆಂಗಿರಬೇಕು ಅಂತ ದೇವನಹಳ್ಳಿಯೋರನ್ನ ನೋಡಿ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಕೈಗಾರಿಕೆಗೆ ಬೇಕು ಅಂತ ಹೊರಟಾಗ ರೈತರು ಕೂತರು. ಬಿಜೆಪಿ ಸರ್ಕಾರ ಇದ್ದಾಗ ಕೂತರು, ಕಾಂಗ್ರೆಸ್ ಸರ್ಕಾರ ಬಂದ್ಮೇಲೂ ಏಳಲಿಲ್ಲ. ಸಾವಿರ ದಿನ ದಾಟ್ತು. 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಭೂಸ್ವಾಧೀನ ಕೈಬಿಟ್ವಿ ಅಂದ್ರು. ಸರ್ಕಾರ ಬದಲಾಯ್ತು ಅಂತ ಅವರು ಸಮಾಧಾನ ಮಾಡ್ಕೊಂಡು ಮನೆಗೆ ಹೋಗಿದ್ರೆ ಜಮೀನು ಹೋಗ್ತಿತ್ತು. ಪಕ್ಷ ಬದಲಾಯಿಸೋದರಿಂದ ಜಮೀನು ಉಳಿಯಲ್ಲ. ಯಾವ ಪಕ್ಷ ಬಂದ್ರೂ ಎದುರಿಗೆ ಕೂರೋ ಜನ ಇದ್ದರೆ ಉಳಿಯುತ್ತೆ.

ಅದಕ್ಕೇ ನಾನು ಪಕ್ಷ ಬಿಟ್ಟೆ ಅಂತಲೂ ಹೇಳಲ್ಲ, ಇದ್ದೀನಿ ಅಂತಲೂ ಹೇಳಲ್ಲ. ಗ್ಯಾರಂಟಿ ವೋಟು ಆಗಿರಲ್ಲ, ಅಷ್ಟೇ. ನಮ್ಮೂರಲ್ಲಿ ಹತ್ತು ಹದಿನೈದು ಮನೆಯೋರು ಮಾತಾಡ್ಕೊಂಡಿದ್ದೀವಿ, ಅದರಲ್ಲಿ ಮೂರೂ ಪಕ್ಷದೋರು ಇದ್ದಾರೆ. ಚುನಾವಣೆಗೆ ಮುಂಚೆ ಮನೆ ಮೇಲೆ ಯಾರ ಬಾವುಟಾನೂ ಕಟ್ಟಲ್ಲ. ದೇವರ ಫೋಟೋ ಮುಟ್ಟಿ ಆಣೆ ಮಾಡಲ್ಲ. ವೋಟು ಕೇಳೋಕೆ ಬಂದೋರನ್ನ ಅರಳಿಕಟ್ಟೆ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು ಮೂರು ಪ್ರಶ್ನೆ ಕೇಳ್ತೀವಿ. ಒಂದು, ಜಮೀನು, ನೀರು, ಕಬ್ಬಿನ ವಿಚಾರ ಸದನಕ್ಕೆ ಬಂದಾಗ ನಿಮ್ಮ ಪಕ್ಷ ಯಾವ ಕಡೆ ನಿಂತಿತ್ತು, ಕಲಾಪದ ಕಾಗದ ತನ್ನಿ. ಎರಡು, ತಾಲ್ಲೂಕು, ಜಿಲ್ಲಾ ಪಂಚಾಯ್ತಿ ಚುನಾವಣೆಗೆ ಏನು ಮಾಡಿದ್ರಿ. ಮೂರು, ಗೆದ್ದ ಗುರುತಲ್ಲೇ ಐದು ವರ್ಷ ಇರ್ತೀರಾ, ಬರೆದು ಸಹಿ ಹಾಕಿ ಕೊಡ್ತೀರಾ. ಆ ಸಹಿ ಕೋರ್ಟಲ್ಲಿ ನಿಲ್ಲಲ್ಲ ಅಂತ ನಮಗೂ ಗೊತ್ತು. ಊರ ಮುಂದೆ ಹಾಕಿದ ಸಹಿ ಊರಲ್ಲಿ ನಿಲ್ಲುತ್ತೆ. ಮುಂದಿನ ಸಲ ಅದನ್ನೇ ದೊಡ್ಡದಾಗಿ ಬರೆಸಿ ಅದೇ ಕಟ್ಟೆಗೆ ನೇತು ಹಾಕ್ತೀವಿ.

ನಿಮ್ಮ ನಿಮ್ಮ ಊರಲ್ಲೂ ಇದನ್ನ ಮಾಡಿ ನೋಡಿ. ನಿಮ್ಮ ಪಕ್ಷ ಯಾವುದಾದ್ರೂ ಆಗಿರಲಿ. ಬೇರೆಯವರ ಪಕ್ಷವನ್ನ ಪ್ರಶ್ನೆ ಕೇಳೋದು ಸುಲಭ, ಅವರು ಹೆಂಗೂ ನಮ್ಮ ಮಾತಿಗೆ ಬೆಲೆ ಕೊಡಲ್ಲ. ನಮ್ಮ ಪಕ್ಷದೋರನ್ನ ಕೇಳಿದ್ರೆ ಅವರಿಗೆ ನಾಟುತ್ತೆ, ಯಾಕಂದ್ರೆ ಕಳ್ಕೊಳ್ಳೋದು ಅವರು.

ಕೊನೇದಾಗಿ ನಮ್ಮ ಪಕ್ಷದ ದೊಡ್ಡವರಿಗೆ. ಮತದಾರ ಮುನಿಸಿಕೊಂಡು ಎದುರಿಗೆ ಬಂದು ಕೂಗಾಡ್ತಿದ್ದಾನೆ ಅಂದ್ರೆ ಇನ್ನೂ ಸಂಬಂಧ ಇದೆ ಅಂತ ಅರ್ಥ. 2023ರಲ್ಲಿ ಎಷ್ಟೋ ಜನ ಕೂಗಾಡಲೂ ಇಲ್ಲ, ಸುಮ್ಮನೆ ಹೋಗಿ ಬೇರೆ ಗುಂಡಿ ಒತ್ತಿ ಬಂದು ಹಸುವಿಗೆ ಹುಲ್ಲು ಹಾಕಿದ್ರು. ಬುಡ ಇನ್ನೂ ಪೂರ್ತಿ ಕೊಳೆತಿಲ್ಲ. ಆದ್ರೆ ಮುಂದಿನ ಕಟಾವಿಗೆ ಮಚ್ಚು ಮಸೆಯೋಕೆ ಮುಂಚೆ ಗದ್ದೆಗೆ ಇಳಿದು ಒಂದು ಸಲ ನೋಡಿ.

ಬೈಯೋರು ಧಾರಾಳವಾಗಿ ಬೈಯಿರಿ, ಅಳಿಸಲ್ಲ. 2020ರ ಡಿಸೆಂಬರ್ 8ಕ್ಕೆ ಉತ್ತರ ಬರೆದು, ಅದರ ಕೆಳಗೆ ಬೈಯಿರಿ.